ಚೀಲದ ಭಾರ ಬರೆದವನು

“ಗುರುಗಳೇ, ನನ್ನ ಗೆರೆಯಲ್ಲಿ ತಪ್ಪಿಲ್ಲ ಎಂದು ನೀವೇ ಹೇಳಿದ್ದೀರಿ. ಹಾಗಿದ್ದ ಮೇಲೆ ಎರಡು ತಿಂಗಳಿಂದ ಪುಟಿಯುವ ಚೆಂಡನ್ನೇ ಏಕೆ ಬರೆಸುತ್ತಿದ್ದೀರಿ? ನಾನು ಮನುಷ್ಯರನ್ನು ನಡೆಸುವುದನ್ನು ಕಲಿಯಲು ಬಂದವಳು.”

ಕೇಳಿದವಳು ಪಾವನಾ. ಚಿತ್ರಕಲಾ ಶಾಲೆಯಲ್ಲಿ ಮೊದಲಿಗಳಾಗಿ ಪಾಸಾಗಿ, ಕಾಗದದ ಮೇಲಿನ ಚಿತ್ರಕ್ಕೆ ಚಲನೆ ಕೊಡುವ ವಿದ್ಯೆಗಾಗಿ ಈ ಗುರುಗಳ ಬಳಿ ಸೇರಿದ್ದಳು. ಬೇರೊಂದು ಸ್ಟುಡಿಯೋ ಅವಳನ್ನು ಕರೆದಿತ್ತು. ಅಲ್ಲಿ ಮೊದಲ ದಿನದಿಂದಲೇ ಪಾತ್ರಗಳನ್ನು ಬರೆಯಲು ಕೊಡುತ್ತಾರೆ. ಬರುತ್ತೇನೆ ಅಥವಾ ಇಲ್ಲ ಎಂದು ಮರುದಿನ ಹೇಳಬೇಕಿತ್ತು.

ಗುರುಗಳು ಗಾಜಿನಡಿ ದೀಪವಿರುವ ಮೇಜಿನ ಮೇಲಿದ್ದ ಅವಳ ಹಾಳೆಗಳ ಕಟ್ಟನ್ನು ಎತ್ತಿಕೊಂಡರು. ಅಂಚನ್ನು ಹೆಬ್ಬೆರಳಿನಿಂದ ಸರಸರನೆ ಬಿಟ್ಟರು. ಚೆಂಡು ಬಿತ್ತು, ಎದ್ದಿತು, ಮತ್ತೆ ಬಿತ್ತು. ಕಟ್ಟನ್ನು ಕೆಳಗಿಟ್ಟರು.

“ಹೋಗುವುದಾದರೆ ತಡೆಯುವುದಿಲ್ಲ. ಹೋಗುವ ಮೊದಲು ಒಂದು ಕತೆ ಕೇಳು. ಕೇಳುವಾಗ ಪೆನ್ಸಿಲ್ ಕೆಳಗಿಡು.”

ಅವಳು ಪೆನ್ಸಿಲ್ ಕೆಳಗಿಟ್ಟಳು. ಗುರುಗಳು ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಮುಖ ಬರೆಯುವುದರಲ್ಲಿ ಆ ಸೀಮೆಯಲ್ಲಿ ಅವನಿಗೆ ಸಮನಾದವರಿರಲಿಲ್ಲ. ಸತ್ತವರ ಮುಖವನ್ನು ಮನೆಯವರ ಮಾತು ಕೇಳಿ ಬರೆಯುತ್ತಿದ್ದ. ಮನೆಯವರು ನೋಡಿ ಅಳುತ್ತಿದ್ದರು. ಅಂಥವನು ಒಂದು ಅನಿಮೇಷನ್ ಸ್ಟುಡಿಯೋ ಸೇರಿದ.

ಆ ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ಬಂದವನು ಯಾರೇ ಆಗಲಿ, ಮೊದಲು ಚೆಂಡು ಬರೆಯಬೇಕು. ನಂತರ ಹಿಟ್ಟಿನ ಚೀಲ. ಮನುಷ್ಯ ಆಮೇಲೆ. ಚಿತ್ರಗಾರ ಚೆಂಡಿನ ಪಾಠವನ್ನು ಒಂದು ಬೆಳಗಿನಲ್ಲಿ ಮುಗಿಸಿದ. ಚೆಂಡು ಸಾಗುವ ದಾರಿಗೆ ಒಂದು ಗೆರೆ ಎಳೆದ. ಆ ಗೆರೆಯನ್ನು ಅಳತೆಪಟ್ಟಿ ಇಟ್ಟು ಸಮಭಾಗ ಮಾಡಿದ. ಒಂದೊಂದು ಭಾಗಕ್ಕೆ ಒಂದೊಂದು ಚೆಂಡು ಬರೆದ. ಎಲ್ಲ ಚೆಂಡುಗಳೂ ಒಂದೇ ಅಚ್ಚಿನಿಂದ ಇಳಿದಂತಿದ್ದವು. ಸ್ಟುಡಿಯೋದ ಯಜಮಾನ ಹಾಳೆಗಳನ್ನು ಬಿಡಿಬಿಡಿಯಾಗಿ ನೋಡಿ ತಲೆದೂಗಿದ. ಓಡಿಸಿ ನೋಡಲಿಲ್ಲ. ಚೀಲದ ಪಾಠವನ್ನೂ ಬಿಟ್ಟು ನೇರವಾಗಿ ಪಾತ್ರಗಳನ್ನೇ ಕೊಟ್ಟ.

ಆ ಊರಿನಲ್ಲಿ ತೊಗರಿಯ ದೊಡ್ಡ ಮಾರುಕಟ್ಟೆ ಇತ್ತು. ಹಂಗಾಮು ಬಂದರೆ ನಾಲ್ಕು ರಾಜ್ಯಗಳಿಂದ ಚೀಲ ಹೊರುವ ಹೊಸ ಹಮಾಲರು ಬರುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಹಿಂದಿನ ಹಂಗಾಮಿನಲ್ಲಿ ಮೂವರು ಹೊಸಬರು ಮೊದಲ ವಾರದಲ್ಲೇ ನಡು ಹಿಡಿದುಕೊಂಡು ಊರಿಗೆ ಮರಳಿದ್ದರು. ಒಬ್ಬನು ಮತ್ತೆ ನೆಟ್ಟಗೆ ನಿಲ್ಲಲೇ ಇಲ್ಲ. ಆದ್ದರಿಂದ ಹಮಾಲರ ಸಂಘದವರು ಸ್ಟುಡಿಯೋಗೆ ಬಂದು ಒಂದು ಕೆಲಸ ಒಪ್ಪಿಸಿದರು. ಚೀಲ ಎತ್ತುವ ಬಗೆಯನ್ನು ತೋರಿಸುವ ಒಂದು ನಿಮಿಷದ ಚಿತ್ರ ಬೇಕು. ಅದರಲ್ಲಿ ಮಾತು ಇರಬಾರದು. ನೋಡಿದವನಿಗೆ ಹೇಗೆ ಎತ್ತಬೇಕೆಂದು ತಿಳಿಯಬೇಕು. ಹೊಸಬರು ಕೆಲಸಕ್ಕೆ ಸೇರುವ ದಿನ ಅದನ್ನು ತೋರಿಸಬೇಕು.

ಚಿತ್ರಗಾರ ಮೂರು ತಿಂಗಳು ದುಡಿದ. ಸೆಕೆಂಡಿಗೆ ಹನ್ನೆರಡರಂತೆ ಏಳುನೂರಕ್ಕೂ ಹೆಚ್ಚು ಹಾಳೆ ಬರೆದ. ಹಮಾಲನ ಹಣೆಯ ಬೆವರು ಬರೆದ. ಮೀಸೆಯ ಕೂದಲು ಬರೆದ. ಚೀಲದ ಸೆಣಬಿನ ನೇಯ್ಗೆಯನ್ನೂ ಬಾಯಿ ಹೊಲಿದ ದಾರವನ್ನೂ ಬಿಡಲಿಲ್ಲ. ಎಲ್ಲದಕ್ಕೂ ಬಣ್ಣ ತುಂಬಿದ. ಚೀಲ ನೆಲದಿಂದ ಎದೆಯವರೆಗೆ ಬರುವ ದಾರಿಯನ್ನು ಹಿಂದಿನಂತೆಯೇ ಅಳತೆಪಟ್ಟಿಯಿಂದ ಮೂವತ್ತಾರು ಸಮಭಾಗ ಮಾಡಿದ.

ಸಂಘದ ಪರವಾಗಿ ನೋಡಿ ಒಪ್ಪಲು ಒಬ್ಬ ಹಳೆಯ ಹಮಾಲ ಬಂದ. ನಲವತ್ತು ವರ್ಷ ಚೀಲ ಎತ್ತಿದವನು. ಎಲ್ಲರೂ ಅವನನ್ನು ಅಜ್ಜ ಎಂಬ ಅರ್ಥದಲ್ಲಿ ಮುತ್ಯಾ ಎಂದೇ ಕರೆಯುತ್ತಿದ್ದರು. ಅವನು ಚಿತ್ರ ನೋಡಿದ. ಇನ್ನೊಮ್ಮೆ ಹಾಕಲು ಹೇಳಿದ. ಅದನ್ನೂ ನೋಡಿದ.

“ಸರ, ಚಿತ್ರ ಭಾಳ ಚಂದ ಐತ್ರಿ. ನಮ್ಮ ಹಮಾಲ ದುರಗಪ್ಪನ ಮಾರೀನ ತಂದು ಇಟ್ಟಂಗ ಐತಿ. ಒಂದ್ ಮಾತು ಕೇಳ್ಲೇನ್ರಿ? ಆ ಚೀಲದಾಗ ಚುರುಮುರಿ ತುಂಬೀರೇನು?”

ಚಿತ್ರಗಾರನ ಮುಖ ಕೆಂಪಾಯಿತು. “ತೊಗರಿ ಚೀಲ ಅದು. ಐವತ್ತು ಕಿಲೋ. ಹೊಟ್ಟೆ ಹೇಗೆ ಉಬ್ಬಿದೆ ಎಂದು ಕಾಣುವುದಿಲ್ಲವೇ?”

“ಚೀಲ ತೊಗರೀದೇ ಐತಿ ಬಿಡ್ರಿ. ಆದ್ರ ಎತ್ತಾವಗ ಅದು ಗೊತ್ತಿಲ್ಲ. ನಾವು ತೊಗರಿ ಎತ್ತತೀವಿ, ಅಂವಾ ಮದುವಿ ಮನ್ಯಾಗ ಹಾರ ಎತ್ತಿದಂಗ ಎತ್ತಾಕತ್ತಾನ. ಅದನ್ನ ನೋಡಿ ಹೊಸಾ ಹುಡುಗ್ರು ಮೊಣಕಾಲು ನೆಟ್ಟಗ ಇಟ್ಕೊಂಡು ಎತ್ತಿದ್ರಂದ್ರ ನಡಾ ಮುರೀತೈತ್ರಿ. ಆಮ್ಯಾಲ ಅವ್ರ ಅವ್ವಗ ಯಾರು ಹೇಳಾವ್ರು, ನೀವೋ ನಾನೋ?”

ಯಜಮಾನ ನಕ್ಕು ಮಾತು ತೇಲಿಸಿದ. ಚಿತ್ರಗಾರ ನಗಲಿಲ್ಲ. ಆ ಮಾತು ಅವನಿಗೆ ಅವಮಾನವಾಗಿತ್ತು. ಸುಳ್ಳೆಂದು ಸಾಧಿಸಲು ಅಂದೇ ಕುಳಿತು ತನ್ನ ಚಿತ್ರವನ್ನು ಇಪ್ಪತ್ತು ಸಲ ನೋಡಿದ. ಮುಖ ನೋಡುವುದನ್ನು ಬಿಟ್ಟು, ಮೊದಲ ಬಾರಿಗೆ ಚಲನೆಯನ್ನು ನೋಡಿದ. ಚೀಲ ಹಗ್ಗ ಕಟ್ಟಿದ ಕೊಡದಂತೆ ಒಂದೇ ವೇಗದಲ್ಲಿ ಮೇಲೆ ಬರುತ್ತಿತ್ತು. ಆಳಿನ ಬೆನ್ನು, ಕಾಲು, ಕತ್ತು ಯಾವುದೂ ಅದನ್ನು ಗಮನಿಸಿರಲಿಲ್ಲ. ಸುಳ್ಳು ಮುತ್ಯಾನದಲ್ಲ, ತನ್ನದು.

ಹೊಸಬರು ಬರಲು ಆರು ವಾರ ಉಳಿದಿತ್ತು.

ಮರುದಿನ ಅವನು ಮಾರುಕಟ್ಟೆಗೆ ಹೋದ. ಮುತ್ಯಾನ ಮುಂದೆ ನಿಂತು, ನನಗೆ ಎತ್ತುವುದನ್ನು ಕಲಿಸು ಎಂದ. ಮುತ್ಯಾ ಅವನ ಇಸ್ತ್ರಿ ಮಾಡಿದ ಅಂಗಿ ನೋಡಿದ, ಕೈ ನೋಡಿದ, ಅರ್ಧ ತುಂಬಿದ ಒಂದು ಚೀಲ ತೋರಿಸಿದ. ಚಿತ್ರಗಾರ ತಾನು ಬರೆದ ಹಾಗೆಯೇ ನಡು ಬಗ್ಗಿಸಿ ಚೀಲದ ಕಿವಿ ಹಿಡಿದ. ಮುತ್ಯಾ ಅವನ ಮೊಣಕಾಲಿನ ಹಿಂದೆ ಅಂಗೈಯಿಂದ ಒಂದು ಏಟು ಕೊಟ್ಟ. ಕಾಲು ಮಡಿಯಿತು. ಕುಂಡೆ ಕೆಳಗಿಳಿಯಿತು. ಬೆನ್ನು ತಾನಾಗಿ ನೆಟ್ಟಗಾಯಿತು.

“ಹಾಂ. ಮ್ಯಾಲ ಹೋಗಬೇಕಂದ್ರ ಮೊದ್ಲ ಕೆಳಗ ಹೋಗಬೇಕ್ರಿ ಸರ. ಕೆಳಗ ಹೋಗಾಕ ನಾಚಿಕಿ ಪಡಬ್ಯಾಡ್ರಿ.”

ಚಿತ್ರಗಾರ ಆ ವಾರವೆಲ್ಲ ಎತ್ತಿದ. ಅಂಗೈ ಒಡೆಯಿತು. ಎರಡು ದಿನ ಪೆನ್ಸಿಲ್ ಹಿಡಿಯಲಾಗಲಿಲ್ಲ. ಆದರೆ ಅವನ ಏಳುನೂರು ಹಾಳೆಗಳಲ್ಲಿ ಎಲ್ಲಿಯೂ ಇಲ್ಲದ್ದು ಅವನ ಮೈಗೆ ತಿಳಿಯಿತು. ಎತ್ತುವ ಮೊದಲು ಪಾದಗಳು ಜಾಗ ಹುಡುಕುತ್ತವೆ. ಮೈ ಇಳಿಯುತ್ತದೆ. ಉಸಿರು ನಿಲ್ಲುತ್ತದೆ. ಮತ್ತೆ ಆಳು ಏಳಲು ತೊಡಗುತ್ತಾನೆ, ಚೀಲ ಏಳುವುದಿಲ್ಲ. ಒಂದು ಕ್ಷಣ ಕಾಲುಗಳು ನೆಲವನ್ನು ಒತ್ತುತ್ತಲೇ ಇರುತ್ತವೆ, ಚೀಲ ಇದ್ದಲ್ಲೇ ಇರುತ್ತದೆ. ಭಾರ ಇರುವುದು ಆ ಕ್ಷಣದಲ್ಲಿ. ಏನೂ ನಡೆಯದ ಹಾಳೆ ವ್ಯರ್ಥವೆಂದು ಅವನು ಅಂಥದ್ದೊಂದನ್ನೂ ಬರೆದಿರಲಿಲ್ಲ.

ಅವನು ಸ್ಟುಡಿಯೋಗೆ ಮರಳಿ ಕುಳಿತು ಬರೆದ. ಬರಲಿಲ್ಲ. ಮೈಗೆ ತಿಳಿದದ್ದು ಕೈಗೆ ತಿಳಿದಿರಲಿಲ್ಲ. ಆಳು ಕುಳಿತ, ಎದ್ದ, ಆದರೂ ತೇಲುತ್ತಿದ್ದ. ಸೋಮವಾರ ಹಾಳೆಗಳ ಕಟ್ಟನ್ನು ಮಾರುಕಟ್ಟೆಗೆ ಒಯ್ದು ಮುತ್ಯಾನ ಮುಂದೆ ಹೆಬ್ಬೆರಳಿನಿಂದ ಬಿಟ್ಟು ತೋರಿಸಿದ. ಮುತ್ಯಾ ಬೀಡಿ ಪಕ್ಕಕ್ಕಿಟ್ಟು ನೋಡಿದ.

“ಹತ್ತಿ,” ಎಂದ.

ಚಿತ್ರಗಾರ ಹಾಳೆಗಳನ್ನು ಎತ್ತಿಕೊಂಡು ಹಿಂದಿರುಗಿದ. ಆ ಸಂಜೆ ಅವನು ಯಾರೂ ಹೇಳದೆ ಚೆಂಡಿನ ಪಾಠಕ್ಕೆ ಕುಳಿತ. ಹನ್ನೆರಡು ವರ್ಷ ಹೆಸರು ಮಾಡಿದವನು, ನಿನ್ನೆ ಸೇರಿದವರ ನಡುವೆ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವನು ಅವರತ್ತ ನೋಡಲಿಲ್ಲ.

ಅಳತೆಪಟ್ಟಿಯನ್ನು ಮೇಜಿನ ಖಾನೆಯೊಳಗೆ ಹಾಕಿದ. ಅಂಗಳದಲ್ಲಿ ರಬ್ಬರ್ ಚೆಂಡು ಎಸೆದು ನೋಡಿದ. ಮೇಲೆ ಹೋದ ಚೆಂಡು ತುದಿಯಲ್ಲಿ ತಡವರಿಸುತ್ತದೆ. ನೆಲದ ಹತ್ತಿರ ಓಡುತ್ತದೆ. ಹಾಗಾದರೆ ತುದಿಯಲ್ಲಿ ಚೆಂಡುಗಳು ಒತ್ತೊತ್ತಾಗಿ ಇರಬೇಕು. ನೆಲದ ಹತ್ತಿರ ದೂರ ದೂರ. ಸಮಭಾಗ ಮಾಡಿದವನು ಚೆಂಡಿನ ಜೀವ ತೆಗೆದಿದ್ದ. ಅವನು ಹೊಸದಾಗಿ ಬರೆದ. ನೆಲ ತಾಗಿದಾಗ ಚೆಂಡನ್ನು ಚಪ್ಪಟೆ ಮಾಡಿದ. ಅದು ಗಾಳಿ ಹೋದ ಚೆಂಡಿನಂತೆ ಕಂಡಿತು. ಎತ್ತರ ತಗ್ಗಿಸಿದ್ದ, ಅಗಲ ಹೆಚ್ಚಿಸಿರಲಿಲ್ಲ. ತಿದ್ದಿದ. ಈಗ ಅಗಲ ಹೆಚ್ಚಾಗಿ ರೊಟ್ಟಿಯಾಯಿತು. ಮತ್ತೆ ತಿದ್ದಿದ. ಹನ್ನೊಂದು ದಿನ ಚೆಂಡು ಬರೆದ. ಕಬ್ಬಿಣದ ಗುಂಡು ಬರೆದ, ಬಲೂನು ಬರೆದ. ಮೂರಕ್ಕೂ ಒಂದೇ ವೃತ್ತ. ಹಾಳೆಗಳ ನಡುವಿನ ಅಂತರ ಮಾತ್ರ ಬೇರೆ. ಯಾವುದು ಯಾವುದೆಂದು ಹೇಳದೆ, ಚಹಾ ತರುವವನಿಗೆ ತೋರಿಸಿದ. ಅವನು ಮೂರನ್ನೂ ಗುರುತಿಸಿ ಹೋದ.

ಆಮೇಲೆ ಹಿಟ್ಟಿನ ಚೀಲ. ಅದಕ್ಕೆ ಮುಖವಿಲ್ಲ, ಕೈಯಿಲ್ಲ, ನಾಲ್ಕು ಮೂಲೆ ಮಾತ್ರ. ಅದು ದಣಿದು ಕುಳಿತುಕೊಳ್ಳಬೇಕು, ಬೆದರಿ ಏಳಬೇಕು. ಚಿತ್ರಗಾರನ ಶಕ್ತಿಯೆಲ್ಲ ಕಣ್ಣು ಹುಬ್ಬುಗಳಲ್ಲಿತ್ತು. ಅವು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಚೀಲ ಹಾರಿ ನಿಂತ ಮೇಲೂ ಅದರ ಹೊಟ್ಟೆ ಒಡನೆ ನಿಲ್ಲುವುದಿಲ್ಲ, ಎರಡು ಹಾಳೆ ತಡವಾಗಿ ಬಂದು ನಿಲ್ಲುತ್ತದೆ ಎಂಬುದನ್ನು ಕಾಣಲು ಅವನಿಗೆ ಒಂದು ವಾರ ಬೇಕಾಯಿತು.

ಇನ್ನು ಎರಡೇ ವಾರ ಇತ್ತು. ಅವನು ಹಮಾಲನನ್ನು ಹೊಸದಾಗಿ ಬರೆದ. ಬೆನ್ನಿಗೆ ಒಂದು ಗೆರೆ, ಕೈಕಾಲಿಗೆ ನಾಲ್ಕು, ತಲೆಗೆ ಒಂದು ವೃತ್ತ. ಬಣ್ಣವಿಲ್ಲ, ಮೀಸೆಯಿಲ್ಲ. ಮೊದಲು ಮುಖ್ಯ ಭಂಗಿಗಳನ್ನು ಮಾತ್ರ ಬರೆದು ಗೋಡೆಗೆ ಅಂಟಿಸಿದ. ನಿಂತದ್ದು. ಇಳಿದದ್ದು. ಹಿಡಿದು ಸೆಟೆದದ್ದು. ಎದ್ದದ್ದು. ಇವು ಸರಿಯಾಗುವವರೆಗೆ ನಡುವಿನ ಒಂದು ಹಾಳೆಯನ್ನೂ ಮುಟ್ಟಲಿಲ್ಲ. ಸೆಟೆದ ಭಂಗಿಯೊಂದನ್ನೇ ಅರವತ್ತು ಸಲ ಬರೆದ.

ಮುಂದಿನ ಸೋಮವಾರ ಮುತ್ಯಾ ನೋಡಿ, “ತೌಡು,” ಎಂದ. ಸ್ವಲ್ಪ ತಡೆದು, “ಹತ್ತಿಗಿಂತ ವಾಸಿ ಐತ್ರಿ,” ಎಂದ. “ಅಂವಾ ಚೀಲ ಹಿಡದು ಮ್ಯಾಲ ನೋಡಾಕತ್ತಾನಲ್ರಿ, ಯಾಕ? ಮ್ಯಾಲೇನು ಹೆಣ್ಣು ನಿಂತಾಳೇನು? ಭಾರ ಹಿಡದಾವ ಎಲ್ಲೂ ನೋಡಂಗಿಲ್ಲ.”

ಸುತ್ತ ಇದ್ದ ಹಮಾಲರು ನಕ್ಕರು. ಚಿತ್ರಗಾರನೂ ಮೊದಲ ಬಾರಿಗೆ ನಕ್ಕ. ಹೋಗಿ ತಲೆಯ ವೃತ್ತವನ್ನು ಇಳಿಸಿದ. ಚೀಲ ಕದಲದ ಹಾಳೆಗಳು ಮೂರಿದ್ದವು, ಐದು ಮಾಡಿದ.

ಶುಕ್ರವಾರ ಮತ್ತೆ ತೋರಿಸಿದ. ಮುತ್ಯಾ ಕಟ್ಟನ್ನು ತಾನೇ ಕೈಗೆ ತೆಗೆದುಕೊಂಡು ಅಂಚನ್ನು ಹೆಬ್ಬೆರಳಿನಿಂದ ಬಿಟ್ಟ. ಮತ್ತೆ ಬಿಟ್ಟ.

“ತೊಗರಿ,” ಎಂದ. “ಐವತ್ತರ ಮ್ಯಾಲ ಒಂದೆರಡು ಕಿಲೋ ಇರಬೇಕು. ತೂಕ ಮಾಡಾವ ಕಳ್ಳ ಇದ್ದಾನ.”

ಚಿತ್ರಗಾರ ಕಟ್ಟು ತೆಗೆದುಕೊಂಡು ಯಜಮಾನನ ಕೋಣೆಗೆ ಹೋದ. ಹೊಸಬರು ಸೋಮವಾರ ಸೇರುವವರಿದ್ದರು. ಯಜಮಾನ ಗೆರೆಯ ಮನುಷ್ಯನನ್ನು ನೋಡಿದ.

“ಇದನ್ನು ನಮ್ಮ ಸ್ಟುಡಿಯೋ ಹೆಸರಿನಲ್ಲಿ ತೋರಿಸುವುದೇ? ಮಕ್ಕಳು ಗೋಡೆಯ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ. ಬಣ್ಣ ತುಂಬಿದ್ದು ಸಿದ್ಧವಿದೆ. ಅದನ್ನೇ ತೋರಿಸುತ್ತೇವೆ. ಇದಕ್ಕೆ ಬಣ್ಣ ಹಾಕು, ಮುಖ ಹಾಕು, ಮುಂದಿನ ವರ್ಷ ನೋಡೋಣ.”

“ಸೋಮವಾರ ಬರುವವರು ಮುಂದಿನ ವರ್ಷ ಬರುವವರಲ್ಲ,” ಎಂದ ಚಿತ್ರಗಾರ. “ನನ್ನ ಜೊತೆ ಮಾರುಕಟ್ಟೆಗೆ ಬನ್ನಿ. ಬಣ್ಣದ ಚಿತ್ರದ ಆಳು ಎತ್ತಿದ ಹಾಗೆಯೇ ನೀವು ಒಂದು ಚೀಲ ಎತ್ತಿ. ಎತ್ತಿದರೆ ಅದನ್ನೇ ತೋರಿಸೋಣ.”

ಯಜಮಾನ ಹಟವಾದಿ. ಬಂದ. ಮುತ್ಯಾ ಒಂದು ಚೀಲವನ್ನು ಉರುಳಿಸಿ ಮುಂದಿಟ್ಟ. ಯಜಮಾನ ಮೊಣಕಾಲು ನೆಟ್ಟಗಿಟ್ಟು ಬಾಗಿ ಚೀಲದ ಎರಡು ಕಿವಿ ಹಿಡಿದ. ಒಮ್ಮೆ ಜಗ್ಗಿದ. ಕೈ ಬಿಟ್ಟು ನಿಧಾನವಾಗಿ ಮೇಲೆದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡ. ಒಬ್ಬ ಹಮಾಲ ಕುಡಿಯಲು ನೀರು ತಂದುಕೊಟ್ಟ.

ದಾರಿಯಲ್ಲಿ ಯಜಮಾನ ಹೇಳಿದ: “ತೋರಿಸು. ಆದರೆ ಜನ ನಕ್ಕರೆ, ಮಂಗಳವಾರದಿಂದ ನಿನಗೆ ನನ್ನಲ್ಲಿ ಮೇಜಿಲ್ಲ.”

“ನಕ್ಕರೆ ನಾನೇ ಬರುವುದಿಲ್ಲ,” ಎಂದ ಚಿತ್ರಗಾರ.

ಶನಿವಾರ, ಭಾನುವಾರ ಅವನು ಮೇಜು ಬಿಟ್ಟು ಏಳಲಿಲ್ಲ. ನಡುವಿನ ಹಾಳೆಗಳನ್ನು ಮುಗಿಸಿದ. ಹಳೆಯ ಬಣ್ಣದ ಹಾಳೆಗಳ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಅದರಿಂದ ಒಂದು ಗೆರೆಯನ್ನೂ ತೆಗೆದುಕೊಳ್ಳಲಿಲ್ಲ. ಮುಖ ಹಾಕಲು ಅರ್ಧ ದಿನ ಸಿಕ್ಕಿತ್ತು. ಆ ಅರ್ಧ ದಿನವನ್ನು ಪಾದಗಳಿಗೆ ಕೊಟ್ಟ. ಏಕೆಂದರೆ ಚೀಲ ಎತ್ತಿದ ಮೇಲಿನ ಮೊದಲ ಹೆಜ್ಜೆ ಇನ್ನೂ ಜಾರುತ್ತಿತ್ತು.

ಸೋಮವಾರ ಬೆಳಿಗ್ಗೆ ಮಾರುಕಟ್ಟೆಯ ಗೋದಾಮಿನಲ್ಲಿ ಬಿಳಿ ಬಟ್ಟೆ ಕಟ್ಟಿದರು. ಹೊಸಬರು ನಲವತ್ತು ಜನ. ಕೂರಲು ಜಾಗವಿರಲಿಲ್ಲ, ಎಲ್ಲರೂ ನಿಂತಿದ್ದರು. ನಾಲ್ಕು ಭಾಷೆಯಲ್ಲಿ ಗದ್ದಲವಿತ್ತು. ಗೋಡೆಗೆ ಒರಗಿ ಯಜಮಾನ ನಿಂತಿದ್ದ. ಬಾಗಿಲ ಬಳಿ ಮುತ್ಯಾ ಇದ್ದ. ಶಟರ್ ಎಳೆದರು. ಕತ್ತಲಾಯಿತು. ಬಟ್ಟೆಯ ಮೇಲೆ ಆರು ಗೆರೆಯ ಒಬ್ಬ ಮನುಷ್ಯ ಮೂಡಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗೆರೆಯ ಮನುಷ್ಯ ಚೀಲದ ಹತ್ತಿರ ಬಂದ. ಪಾದ ಊರಿದ. ಇಳಿದ. ಚೀಲ ಹಿಡಿದ. ಚೀಲ ಕದಲಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹಾಳೆಗಳನ್ನು ಸಿಕ್ಕಿಸುವ ಪಟ್ಟಿಯ ಮೇಲಿನ ದೂಳನ್ನು ಬಟ್ಟೆಯಿಂದ ಒರೆಸತೊಡಗಿದರು.

ಪಾವನಾ ಕಾದಳು.

“ಆಮೇಲೆ ಏನಾಯಿತು, ಗುರುಗಳೇ? ಜನ ನಕ್ಕರೇ? ಹೊಗಳಿದರೇ?”

“ಎರಡಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ,” ಎಂದರು ಗುರುಗಳು, “ಆ ಕತ್ತಲಲ್ಲಿ ನಲವತ್ತು ಜನರ ಮೊಣಕಾಲೂ ಬಗ್ಗಿದ್ದವು.”